ಹಾಲಿನ ಪುಡಿಯ ಚೀಲವೂ ಮೈಸೂರಿನ ಶಾಯಿಯೂ

1962ರ ಫೆಬ್ರವರಿಯ ಒಂದು ದಿನ ಹರೂರಿನ ನಮ್ಮ ಶಾಲೆಗೆ ರಜೆಯಿತ್ತು, ಶಾಲೆಯೇ ಮತಗಟ್ಟೆಯಾಗಿತ್ತು. ಅವ್ವನ ಸೆರಗು ಹಿಡಿದು ಸಾಲಿನಲ್ಲಿ ನಿಂತಿದ್ದ ನಮಗೆ ಆಗ ಎಂಟು ವರ್ಷ. ದಿನವೂ ನಾವು ಕುಳಿತು ಪಾಠ ಕೇಳುತ್ತಿದ್ದ ಕೋಣೆಯ ಮೂಲೆಯಲ್ಲಿ, ಮಧ್ಯಾಹ್ನದ ಊಟಕ್ಕೆಂದು ಬಂದಿದ್ದ ಹಾಲಿನ ಪುಡಿಯ ಚೀಲಗಳನ್ನು ಗೋಡೆಗೆ ಒತ್ತಿ ಪೇರಿಸಿದ್ದರು. ಅವುಗಳ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರ. ಜೊತೆಗೆ, ಇದು ಅಮೆರಿಕದ ಜನರ ಕೊಡುಗೆಯೆಂಬ ಇಂಗ್ಲಿಷ್ ಒಕ್ಕಣೆ. ಅದೇ ಕೋಣೆಯಲ್ಲಿ, ಮೇಜಿನ ಹಿಂದೆ ಕುಳಿತಿದ್ದ ಗುಮಾಸ್ತರು ಅವ್ವನ ಬೆರಳಿಗೆ ಶಾಯಿ ಹಚ್ಚಿದರು. ಮನೆಗೆ ಬಂದ ಮೇಲೆ ಆಕೆ ಹುಣಿಸೆಹಣ್ಣು ಹಾಕಿ ಉಜ್ಜಿ ನೋಡಿದಳು. ಹೋಗಲಿಲ್ಲ.

ಆ ಶಾಯಿಯ ಕುಲಗೋತ್ರ ನಮಗೆ ತಿಳಿದದ್ದು ಬಹಳ ವರ್ಷಗಳ ನಂತರ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು 1962ರ ಚುನಾವಣೆಯಿಂದ ಈ ಶಾಯಿಯನ್ನು ಪೂರೈಸುತ್ತ ಬಂದಿದೆ. ಅದರಲ್ಲಿರುವ ಬೆಳ್ಳಿಯ ಲವಣ ಬೆಳಕು ತಾಗಿದೊಡನೆ ಚರ್ಮದಲ್ಲಿ ಕಪ್ಪಾಗಿ ಕೂರುತ್ತದೆ. ಹುಣಿಸೆಹಣ್ಣಿಗೆ ಬಗ್ಗುವ ಜಾತಿಯದಲ್ಲ. ಇಂದು ಅದೇ ಶಾಯಿ ನೇಪಾಳ, ಮಲೇಷ್ಯಾ, ಕಾಂಬೋಡಿಯಾಗಳ ಮತದಾರರ ಬೆರಳುಗಳನ್ನೂ ಮುಟ್ಟಿದೆ. ಗಡಿಯಾಚೆಯ ಕನ್ನಡಿಗರಾದ ನಮಗೆ ಇದರಿಂದ ಉಂಟಾಗುವ ಹೆಮ್ಮೆಯನ್ನು ಮುಚ್ಚಿಡಲಾರೆವು.

ಬಡ ದೇಶಗಳಿಗೆ ಪ್ರಜಾಪ್ರಭುತ್ವವನ್ನು ಬಲಾಢ್ಯ ದೇಶಗಳು ಕಲಿಸಬೇಕೆಂಬ ಮಾತನ್ನು ಕೇಳಿದಾಗಲೆಲ್ಲ ನಮ್ಮ ಕಣ್ಣಮುಂದೆ ಬರುವುದು ಆ ಕೋಣೆಯೇ: ಒಂದು ಮೂಲೆಯಲ್ಲಿ ಚೀಲ, ಇನ್ನೊಂದೆಡೆ ಶಾಯಿ.

ಹೊರಗಿನವರು ಬಂದು ಬಿಡುಗಡೆ ಮಾಡುತ್ತೇವೆಂದದ್ದು ಈ ಸೀಮೆಗೆ ಹೊಸದೇನೂ ಅಲ್ಲ. ಕನ್ನಡದಲ್ಲಿ ಹರೂರು, ತಮಿಳು ಬರಹದಲ್ಲಿ ಅರೂರ್ ಆಗಿರುವ ಈ ಊರು ಹಿಂದೆ ಬಾರಾಮಹಲ್ ಸೀಮೆಯೊಡನೆ ಮೈಸೂರಿಗೆ ಸೇರಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ಅದನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು. ಸುಲ್ತಾನನ ದಬ್ಬಾಳಿಕೆಯಿಂದ ರೈತರನ್ನು ಪಾರುಮಾಡಿದೆವೆಂದು ಹೇಳಿಕೊಂಡೇ ಕಂಪನಿಯು ಒಳಗೆ ಬಂತು. ಕ್ಯಾಪ್ಟನ್ ರೀಡ್ ಮತ್ತು ಅವನ ಕೈಕೆಳಗಿನ ಥಾಮಸ್ ಮನ್ರೋ ಏಳು ವರ್ಷ ಇಲ್ಲಿ ಹೊಲ ಹೊಲ ಅಳೆದು, ನಡುವಿನವರನ್ನು ತೆಗೆದು, ಸರ್ಕಾರ ಮತ್ತು ರೈತನ ನಡುವೆ ನೇರ ಲೆಕ್ಕದ ಪದ್ಧತಿಯನ್ನು ಕಟ್ಟಿದರು. ಮನ್ರೋ ಧರ್ಮಪುರಿಯನ್ನು ಪ್ರೀತಿಸಿದವನು. ಅದನ್ನು ಅಲ್ಲಗಳೆಯುವುದು ಸಲ್ಲದು. ಆದರೆ ರೈತನ ಹೊಲವನ್ನು ಎಣಿಸಿದ ಆ ಲೆಕ್ಕದಲ್ಲಿ ರೈತನ ಮಾತಿಗೆ ಕಲಮೇ ಇರಲಿಲ್ಲ. 1919ರ ಕಾಯಿದೆಯಲ್ಲಿ ಮತದ ಹಕ್ಕು ಬಂದಾಗಲೂ ಆಸ್ತಿಯುಳ್ಳವರಿಗೆ, ತೆರಿಗೆ ಕಟ್ಟುವವರಿಗೆ ಬಂತೇ ಹೊರತು ಬೀದಿಗೆ ಬರಲಿಲ್ಲ. ನಮ್ಮ ಅಜ್ಜಿಯ ಪಾಲಿಗೆ ಅದು ಬಂದದ್ದು 1952ರಲ್ಲಿ. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಗುರುತು. ಓದು ಬಾರದಿದ್ದರೂ ಎತ್ತನ್ನು ಎತ್ತೆಂದು ಗುರುತಿಸಬಲ್ಲೆನೆಂದು ಆಕೆ ಕೊನೆಯವರೆಗೂ ಜಂಬದಿಂದ ಹೇಳುತ್ತಿದ್ದಳು.

ಆ ಚುನಾವಣೆ ನಡೆಸಿದ ಸುಕುಮಾರ ಸೇನರನ್ನು 1953ರಲ್ಲಿ ಸುಡಾನ್ ದೇಶದ ಚುನಾವಣೆ ನಡೆಸಿಕೊಡಲು ಕರೆದೊಯ್ದರು. ನಿನ್ನೆಯಷ್ಟೇ ಮತ ಹಾಕಲು ಕಲಿತ ದೇಶವು ಇನ್ನೊಂದಕ್ಕೆ ಕೈಯಾಸರೆಯಾದ ಈ ಪ್ರಸಂಗವನ್ನು ನಮ್ಮ ಪಠ್ಯಪುಸ್ತಕಗಳು ಮಕ್ಕಳಿಗೆ ಏಕೆ ಹೇಳುವುದಿಲ್ಲವೋ!

ಇನ್ನು ಚೀಲದ ಕಥೆ. ಆ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿದ ಹಾಲನ್ನು ಕುಡಿದೇ ನಾವು ಬೆಳೆದವರು. ಕುಡಿದದ್ದನ್ನು ಹಳಿಯುವ ಕೃತಘ್ನತೆ ನಮಗೆ ಬೇಡ. ಆದರೆ 1965ರ ನಂತರದ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ನರು ಗೋಧಿಯ ಹಡಗುಗಳನ್ನು ಒಮ್ಮೆಗೆ ಕಳುಹಿಸದೆ, ತಿಂಗಳು ತಿಂಗಳೂ ಅಳೆದಳೆದು ಬಿಡತೊಡಗಿದರು. ವಿಯೆಟ್ನಾಮಿನ ಯುದ್ಧವನ್ನು ಭಾರತ ಟೀಕಿಸಿದ್ದೂ ಅವರ ಮುನಿಸಿಗೆ ಒಂದು ಕಾರಣ. ತಮ್ಮ ಮನಸ್ಸಿನ ಮಾತನ್ನು ಆಡುವುದೇ ಪ್ರಜೆಗಳ ಹಕ್ಕೆಂದು ಸಾರುತ್ತಿದ್ದವರು, ಮಾತಾಡಿದ ದೇಶದ ತುತ್ತನ್ನು ತೂಗಿದರು. ಆಚೆ ಬದಿಯವರೂ ಕಡಿಮೆಯಿರಲಿಲ್ಲ. ಸೋವಿಯತ್ ಪತ್ರಿಕೆಯ ನುಣುಪು ಹಾಳೆಗಳನ್ನು ನಾವು ಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದೆವು. ನಮ್ಮ ಗಣಿತದ ಪುಸ್ತಕದ ಮೇಲೆ ನಗುವ ರೈತ ಹೆಂಗಸೊಬ್ಬಳು ವರ್ಷವಿಡೀ ಟ್ರ್ಯಾಕ್ಟರ್ ಓಡಿಸಿದಳು. ಅದು ಜನರದೇ ಆಳ್ವಿಕೆಯೆಂದು ಹಾಳೆ ಹೇಳುತ್ತಿತ್ತು. 1968ರಲ್ಲಿ ಅವರ ಟ್ಯಾಂಕುಗಳು ಪ್ರಾಗ್ ನಗರದೊಳಗೆ ನುಗ್ಗಿದವು. 1970ರಲ್ಲಿ ಪೂರ್ವ ಪಾಕಿಸ್ತಾನದ ಜನ ಮತ ಹಾಕಿ ಬಹುಮತದಿಂದ ಆರಿಸಿದವರಿಗೆ ಅಧಿಕಾರ ಕೊಡದೆ ಸೇನೆ ಕೊಲೆಗಿಳಿದಾಗ, ಕೈ ಹಿಡಿದ ಚಿತ್ರದವರು ಸೇನೆಯ ಪರ ನಿಂತು ಬಂಗಾಳ ಕೊಲ್ಲಿಗೆ ಯುದ್ಧನೌಕೆ ಕಳುಹಿಸಿದರು. 2003ರಲ್ಲಿ ಇರಾಕಿನಲ್ಲಿ ಏನಾಯಿತೆಂಬುದನ್ನು ಈ ಸಂಚಿಕೆಯ ಓದುಗರಿಗೆ ನಾವು ಹೇಳಬೇಕಾಗಿಲ್ಲ.

ಹೀಗೆ ಬರೆದು, ನಮ್ಮದು ನಮ್ಮ ಮಣ್ಣಿನಲ್ಲಿ ನಾವೇ ಬೆಳೆದ ಪ್ರಜಾಪ್ರಭುತ್ವವೆಂದು ಲೇಖನಿ ಕೆಳಗಿಟ್ಟಿದ್ದರೆ ಲೇಖನ ಸೊಗಸಾಗಿ ಮುಗಿಯುತ್ತಿತ್ತು. ಸಮ್ಮೇಳನಗಳ ವೇದಿಕೆಯಲ್ಲಿ ಹಲವು ಬಾರಿ ಹಾಗೆಯೇ ಮುಗಿಸಿ ಚಪ್ಪಾಳೆ ಪಡೆದಿದ್ದೇವೆ. ಅಡ್ಡ ಬರುವುದು ವಾಚಾತಿ.

ಅದು ಹರೂರು ತಾಲ್ಲೂಕಿನ, ಚಿತ್ತೇರಿ ಬೆಟ್ಟದ ಬುಡದ ಊರು. ಮಲೆಯಾಳಿ ಬುಡಕಟ್ಟಿನ ಜನರ ಊರು. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ಸಿಬ್ಬಂದಿ ಅಲ್ಲಿಗೆ ನುಗ್ಗಿದರು. ಜನರನ್ನು ಎಳೆತಂದು ಹೊಡೆದರು, ಮನೆಗಳನ್ನು ಕೆಡವಿದರು, ಹದಿನೆಂಟು ಮಂದಿ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವೆಸಗಿದರು, ನೂರಕ್ಕೂ ಹೆಚ್ಚು ಜನರನ್ನು ಸೆರೆಗೆ ತಳ್ಳಿದರು. ಇದನ್ನು ಮಾಡಿದ್ದು ಕಂಪನಿಯಲ್ಲ, ಯಾವ ವಿದೇಶವೂ ಅಲ್ಲ. ನಮ್ಮ ಬೆರಳಿನ ಶಾಯಿಯಿಂದ ಬಂದ ಸರ್ಕಾರದ ನೌಕರರು. ಸರ್ಕಾರ ಮೊದಲು ಏನೂ ನಡೆದಿಲ್ಲವೆಂದಿತು. ಆಗ ನಾವು ಹರೂರಿನಲ್ಲಿ ಉಪಾಧ್ಯಾಯರು, ವಯಸ್ಸು ಮೂವತ್ತೆಂಟು. ಚಹದಂಗಡಿಯಲ್ಲಿ ಸುದ್ದಿ ಬಂದಾಗ, “ಗಂಧ ಕದ್ದವರಲ್ಲವೇ, ಇಷ್ಟಾದರೂ ಆಗಬೇಡವೇ” ಎಂದೊಬ್ಬರು ಅಂದರು. ನಾವು ಚಹ ಮುಗಿಸಿ, ಲೋಟ ಇಟ್ಟು, ಶಾಲೆಗೆ ಹೋದೆವು. ಅಂದು ಏಳನೆಯ ತರಗತಿಗೆ ಪೌರನೀತಿಯ ಪಾಠವಿತ್ತು.

ಆ ಊರಿನವರು ಬಿಡಲಿಲ್ಲ. ಬುಡಕಟ್ಟು ಸಂಘದವರೂ ಎಡಪಕ್ಷದವರೂ ಜೊತೆ ನಿಂತರು. 1995ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಹೆಂಗಸರು ವಾಯಿದೆಯ ಮೇಲೆ ವಾಯಿದೆಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯವು ತೀರ್ಪು ಕೊಟ್ಟಿತು: ಆರೋಪಿಗಳು 269, ಅಷ್ಟರಲ್ಲಿ ತೀರಿಕೊಂಡವರು 54, ಉಳಿದ 215 ಮಂದಿಯೂ ಅಪರಾಧಿಗಳು. ಹನ್ನೆರಡು ವರ್ಷದ ನಂತರ, ಅದೇ ದಿನಾಂಕದಂದು, ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದಕ್ಕಾಗಿ ಯಾವ ಹಡಗೂ ಬರಲಿಲ್ಲ, ಯಾವ ಚೀಲವೂ ಬರಲಿಲ್ಲ. ಅಜ್ಜಿಗೆ ಪೆಟ್ಟಿಗೆಯನ್ನು ಕೊಟ್ಟ ಸಂವಿಧಾನವನ್ನೇ ಹಿಡಿದು, ಓದು ಬಾರದ ಹಲವರು, ಅದನ್ನು ಓದಿ ಪಾಠ ಹೇಳುತ್ತಿದ್ದ ನಮಗಿಂತ ದೂರ ನಡೆದಿದ್ದರು.

2024ರ ಏಪ್ರಿಲಿನಲ್ಲಿ ಮತ ಹಾಕಿ ಬಂದ ಸಂಜೆ, ಈ ಸಂಚಿಕೆಗೆ ಏನು ಬರೆಯುವುದೆಂದು ಹಳೆಯ ಸಂಚಿಕೆಗಳನ್ನು ತಿರುವಿದೆವು. ತೀರ್ಥಮಲೆಯ ಜಾತ್ರೆಯಿದೆ, ಮನ್ರೋ ಇದ್ದಾನೆ, ಟಿಪ್ಪುವಿದ್ದಾನೆ, ಗಡಿನಾಡಿನ ಕನ್ನಡದ ಅಳಲಿದೆ. ಬಹುಪಾಲು ನಾವೇ ಬರೆದದ್ದು. ಬಸ್ಸಿನಲ್ಲಿ ಹೊರಟರೆ ಗಂಟೆಯೊಳಗೆ ತಲುಪಬಹುದಾದ ವಾಚಾತಿಯ ಹೆಸರು ಮೂವತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಬಂದಿಲ್ಲ.