ಒಂದೇ ನದಿ, ಎರಡು ಮಾತು

ಈ ಶಾಲೆಗೆ ಬರುವ ಮುನ್ನ ನಾನು ನಾಸಿಕದಲ್ಲಿ ಮನೆಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದೆನು. ತ್ರ್ಯಂಬಕೇಶ್ವರದಲ್ಲಿ ಹುಟ್ಟಿದ ಗೋದಾವರಿ ಅಲ್ಲಿ ಇನ್ನೂ ಎಳೆಯ ಹೊಳೆ. ಬರಗಾಲದಲ್ಲಿ ಅಲ್ಲಿಯ ಅಣೆಕಟ್ಟುಗಳಿಂದ ಜಾಯಕವಾಡಿಗೆ ನೀರು ಬಿಡುವ ಮಾತು ಬಂದಾಗ, ಊರಿನ ಪತ್ರಿಕೆಗಳನ್ನೋದಿ, "ನಮ್ಮ ನೀರನ್ನು ಕೆಳಗಿನವರಿಗೇಕೆ ಕೊಡಬೇಕು?" ಎಂದು ನಾನೂ ವಾದಿಸಿದ್ದುಂಟು.

ತರುವಾಯ ಛತ್ರಪತಿ ಸಂಭಾಜಿನಗರದಲ್ಲಿ ನೆಲೆಸಬೇಕಾಯಿತು. ಪೈಠಣದ ಬಳಿ 1976ರಲ್ಲಿ ಸಿದ್ಧವಾದ ಆ ಜಾಯಕವಾಡಿ ಜಲಾಶಯವೇ ಈ ನಗರಕ್ಕೆ ಆಧಾರ. ನಮ್ಮ ಬಾಡಿಗೆಯ ಮನೆಗೆ ವಾರಕ್ಕೊಮ್ಮೆ ನಲ್ಲಿನೀರು ಬರುತ್ತಿತ್ತು. ಹಂಡೆಯ ತಳ ಕಂಡ ದಿನ, "ಮೇಲಿನವರು ನಮ್ಮ ನೀರನ್ನು ತಡೆದಿದ್ದಾರೆ" ಎಂದು ಸಿಡುಕಿದೆನು.

"ನಾಸಿಕದಲ್ಲಿದ್ದಾಗ ನೀವು ಹೀಗೆ ಹೇಳುತ್ತಿರಲಿಲ್ಲವಲ್ಲ!" ಎಂದಳು ಹೆಂಡತಿ. ನನಗೆ ಉತ್ತರ ಹೊಳೆಯಲಿಲ್ಲ.

ಆಗ ನೆನಪಾದುದು 1988ರಿಂದ ಪುತ್ತೂರಿನಲ್ಲಿ ಹೊರಡುತ್ತಿರುವ 'ಅಡಿಕೆ ಪತ್ರಿಕೆ'. ಕೃಷಿಕರ ಕೈಗೇ ಲೇಖನಿಯನ್ನಿತ್ತ ಆ ಮಾಸಪತ್ರಿಕೆ, ಮಳೆನೀರನ್ನು ಹಿಡಿದು ಇಂಗಿಸುವ ಬಗೆಯನ್ನು ಹೊಲದ ಅನುಭವದಿಂದಲೇ ತಿಳಿಯಹೇಳಿತು. ನೀರಿನ ಜಗಳವನ್ನು ಬರೆಯುವುದು ಸುಲಭ. ಉಳಿಸಿದ ನೀರಿನ ಲೆಕ್ಕವನ್ನು ಬರೆಯುವವರು ವಿರಳ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆ, ಬಳಸಿದ ಮೇಲೆ ಯಾರ ಊರಿಗೆ ಹರಿಯುತ್ತದೆ? ವಿಚಾರಿಸಿ ಬರೆದು ತನ್ನಿರಿ. ಮುಂದಿನ ವರ್ಷದ ಸಂಚಿಕೆಯಲ್ಲಿ ನನ್ನ ಪುಟವನ್ನು ನಿಮಗೇ ಬಿಟ್ಟುಕೊಡುತ್ತೇನೆ.