ಟೆಸ್ಟರ್ ಕೈಯ ಸಲಕರಣೆ

ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಟೆಸ್ಟಿಂಗ್ ಎಂದರೆ ಬಹುಮಟ್ಟಿಗೆ ಎಕ್ಸೆಲ್ ಹಾಳೆಯ ಕೆಲಸ. ಒಂದು ಕಾಲಂನಲ್ಲಿ ಮಾಡಬೇಕಾದ ಕ್ರಮ, ಪಕ್ಕದಲ್ಲಿ ಬರಬೇಕಾದ ಫಲಿತಾಂಶ, ಕೊನೆಯಲ್ಲಿ ಪಾಸ್ ಇಲ್ಲವೇ ಫೇಲ್. ಯಂತ್ರದ ನೆರವು ಬೇಕೆಂದರೆ ಮರ್ಕ್ಯುರಿ ಇಂಟರ್‌ಆ್ಯಕ್ಟಿವ್ ಕಂಪನಿಯ ವಿನ್‌ರನ್ನರ್ ಇತ್ತು, ಆಮೇಲೆ ಅದೇ ಕಂಪನಿಯ ಕ್ವಿಕ್‌ಟೆಸ್ಟ್ ಪ್ರೊಫೆಷನಲ್ ಬಂತು. 2006ರಲ್ಲಿ ಮರ್ಕ್ಯುರಿಯನ್ನೇ ಎಚ್‌ಪಿ ಕೊಂಡುಕೊಂಡಿತು. ಲೈಸೆನ್ಸ್ ದುಬಾರಿ, ಎಣಿಸಿ ಹಂಚುವಂಥದ್ದು. ಆ ದಿನಗಳಿಂದ ಇಂದಿನವರೆಗೆ ಈ ಕಸುಬು ಬದಲಾದ ಬಗೆಯನ್ನು ಹೇಳುವಾಗ ಎಲ್ಲರೂ ಎತ್ತುವುದು ದುಡ್ಡಿನ ಮಾತನ್ನೇ: ದುಬಾರಿ ಸಲಕರಣೆ ಹೋಯಿತು, ಪುಕ್ಕಟೆಯದು ಬಂತು ಎಂದು. ಆದರೆ ಹತ್ತಿರದಿಂದ ನೋಡಿದ ನನಗೆ ಈ ವಿವರಣೆ ಸಾಲದು. ಅಂದಿನ ಟೆಸ್ಟರ್ ಬೇರೆಯವರ ಕೋಡ್‌ನಲ್ಲಿ ದಿನವೂ ತಪ್ಪು ಹುಡುಕುತ್ತಿದ್ದರೂ ತನ್ನ ಕೈಯಲ್ಲಿದ್ದ ಸಲಕರಣೆಯ ತಪ್ಪನ್ನು ತಿದ್ದುವಂತಿರಲಿಲ್ಲ. ದೂರು ಬರೆದು ಮುಂದಿನ ಆವೃತ್ತಿಗೆ ಕಾಯಬೇಕಿತ್ತು. ಇಂದು ತಾನೇ ತಿದ್ದಬಲ್ಲ. ಅದಕ್ಕಿಂತ ಹೆಚ್ಚಾಗಿ, ತಿದ್ದಿದ್ದನ್ನು ತನ್ನ ನಂತರವೂ ಉಳಿಯುವಂತೆ ಒಂದು ಸಮುದಾಯಕ್ಕೆ ಒಪ್ಪಿಸಬಲ್ಲ. ನಿಜವಾದ ಬದಲಾವಣೆ ಈ ಎರಡನೆಯದು. ನಾವಿನ್ನೂ ಸರಿಯಾಗಿ ಅರ್ಥ ಮಾಡಿಕೊಳ್ಳದೇ ಇರುವುದೂ ಅದನ್ನೇ.

2004ರಲ್ಲಿ ಶಿಕಾಗೋದ ಥಾಟ್‌ವರ್ಕ್ಸ್ ಕಂಪನಿಯ ಕಚೇರಿಯಲ್ಲಿ ಜೇಸನ್ ಹಗಿನ್ಸ್ ಶುರುಮಾಡಿದ ಮುಕ್ತ ತಂತ್ರಾಂಶ ಸೆಲೆನಿಯಂ ಬ್ರೌಸರ್ ಟೆಸ್ಟಿಂಗ್‌ನ ಬಾಗಿಲು ತೆರೆಯಿತು. ಹತ್ತೇ ವರ್ಷದಲ್ಲಿ, 2014ರಲ್ಲಿ, ಸೆಲೆನಿಯಂನ ಜಾಗತಿಕ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತೆಂದರೆ ಇಲ್ಲಿ ಅದರ ಬಳಕೆ ಎಷ್ಟಿತ್ತೆಂದು ಊಹಿಸಬಹುದು. ಆದರೆ ನನ್ನ ವಾದಕ್ಕೆ ಇನ್ನೂ ಚೆನ್ನಾಗಿ ಒದಗುವ ಉದಾಹರಣೆ ಪೈಥಾನ್ ಭಾಷೆಯ ಪೈಟೆಸ್ಟ್. ಪೈಥಾನ್‌ಗೆ ಸ್ವಂತದ ಟೆಸ್ಟಿಂಗ್ ಮಾಡ್ಯೂಲ್ ಇರಲಿಲ್ಲವೆಂದಲ್ಲ. ಜಾವಾದ ಜೆಯೂನಿಟ್ ಮಾದರಿಯಲ್ಲಿ ಕಟ್ಟಿದ ಯೂನಿಟ್‌ಟೆಸ್ಟ್ 2001ರಿಂದಲೂ ಆ ಭಾಷೆಯ ಜೊತೆಗೇ ಬರುತ್ತಿದೆ. ಹೋಲ್ಗರ್ ಕ್ರೆಕೆಲ್ ಮೊದಲಾದವರು ಪೈಪೈ ಎಂಬ ಪೈಥಾನ್ ಇಂಟರ್‌ಪ್ರಿಟರ್ ಯೋಜನೆಯ ಅಗತ್ಯಕ್ಕೆಂದು ಕಟ್ಟಿಕೊಂಡ ಪೈಟೆಸ್ಟ್ ಇನ್ನೊಂದು ದಾರಿ ಹಿಡಿಯಿತು. ಟೆಸ್ಟ್ ಫೈಲ್‌ಗಳನ್ನು ಹುಡುಕುವುದು, ಒಂದೊಂದನ್ನೂ ಓಡಿಸುವುದು, ಫಲಿತಾಂಶ ವರದಿ ಮಾಡುವುದು, ಹೀಗೆ ಪ್ರತಿ ಹಂತದಲ್ಲೂ ಅದು ಹುಕ್‌ಗಳನ್ನು ಬಿಟ್ಟಿದೆ. ಆ ಹುಕ್‌ನ ಹೆಸರಿನಲ್ಲೇ ಒಂದು ಫಂಕ್ಷನ್ ಬರೆದರೆ ಆ ಹಂತದಲ್ಲಿ ನಿಮ್ಮ ಕೋಡ್ ಓಡುತ್ತದೆ. ಹೊರಗಿನವರಿಗೆಂದು ಮಾಡಿದ ಸೌಲಭ್ಯವಷ್ಟೇ ಅಲ್ಲ ಇದು. ಪೈಟೆಸ್ಟ್‌ನ ಒಳಗಿನ ಬಹುಪಾಲು ಭಾಗಗಳೂ ಇದೇ ವ್ಯವಸ್ಥೆಯಲ್ಲಿ ಹುಕ್‌ಗಳಿಗೆ ಜೋಡಿಸಿದ ತುಣುಕುಗಳು, ಅಂದರೆ ಪ್ಲಗಿನ್‌ಗಳು. 2015ರಲ್ಲಿ ಈ ವ್ಯವಸ್ಥೆಯನ್ನು ಪ್ಲಗ್ಗಿ ಎಂಬ ಪ್ರತ್ಯೇಕ ಲೈಬ್ರರಿಯಾಗಿ ಬೇರ್ಪಡಿಸಿದರು. ಹೆಸರಿಲ್ಲದ ಟೆಸ್ಟರ್ ಬರೆದ ಪ್ಲಗಿನ್ನಿಗೂ ಮೂಲ ಕರ್ತೃ ಬರೆದ ಭಾಗಕ್ಕೂ ಇಲ್ಲಿ ಒಂದೇ ಬಾಗಿಲು. ಕಸುಬಿನಲ್ಲಿ ಟೆಸ್ಟರನನ್ನು ಡೆವಲಪರ್‌ಗಿಂತ ಒಂದು ಮೆಟ್ಟಿಲು ಕೆಳಗೆ ಕೂರಿಸುವ ವಾಡಿಕೆಯನ್ನು ಕಂಡವರಿಗೆ ಈ ಸಮಾನತೆಯ ಬೆಲೆ ಗೊತ್ತು.

ಪ್ಲಗಿನ್ ಬರೆದು ಪೈಥಾನ್ ಪ್ಯಾಕೇಜುಗಳ ಪೈಪಿಐ ಭಂಡಾರಕ್ಕೆ ಏರಿಸಲು ಯಾರ ಅನುಮತಿಯೂ ಬೇಕಿಲ್ಲ. ಹಾಗೆ ಬಂದ ಪ್ಲಗಿನ್‌ಗಳು ಇಂದು ಸಾವಿರ ದಾಟಿವೆ. ಪೈಟೆಸ್ಟನ್ನೂ ಅದರ ಹಲವು ಪ್ಲಗಿನ್‌ಗಳನ್ನೂ ನೋಡಿಕೊಳ್ಳುವ ಪೈಟೆಸ್ಟ್-ಡೆವ್ ಸಮುದಾಯದ ಒಳಕ್ಕೆ ಒಂದು ಪ್ಲಗಿನ್ನನ್ನು ಒಪ್ಪಿಸುವುದು ಬೇರೆಯೇ ಮಾತು, ಅದರ ನಿಯಮಗಳನ್ನು ನಿಧಾನವಾಗಿ ಓದಬೇಕು. ಅವರು ಕೇಳುವುದು ವಿವರಣೆ, ಲೈಸೆನ್ಸ್ ಫೈಲ್, ಬದಲಾವಣೆಗಳ ಪಟ್ಟಿ, ಜನ ದೂರು ದಾಖಲಿಸಲು ಒಂದು ಜಾಗ, ಟಾಕ್ಸ್ ಎಂಬ ಸಲಕರಣೆಯ ಮೂಲಕ ಓಡಿಸಬಹುದಾದ ಟೆಸ್ಟ್‌ಗಳು. ಕೋಡ್ ಎಷ್ಟು ಜಾಣತನದ್ದು ಎಂಬ ಪ್ರಶ್ನೆ ಈ ಪಟ್ಟಿಯಲ್ಲಿಲ್ಲ. ಇಬ್ಬರು ಸದಸ್ಯರು ಒಪ್ಪಿ, ಬಲವಾಗಿ ವಿರೋಧಿಸುವವರು ಯಾರೂ ಇಲ್ಲದಿದ್ದರೆ ರೆಪೊಸಿಟರಿ ಸಮುದಾಯದ ಹೆಸರಿಗೆ ವರ್ಗವಾಗುತ್ತದೆ. ಬರೆದವರ ಹಿಡಿತ ತಪ್ಪುವುದಿಲ್ಲ, ಆದರೆ ಉಳಿದ ಸದಸ್ಯರಿಗೂ ಅದನ್ನು ತಿದ್ದುವ ಹಕ್ಕು ಸಿಗುತ್ತದೆ. ಪ್ರತಿ ಪ್ಲಗಿನ್ನಿಗೂ ಹೊಸ ಆವೃತ್ತಿ ಬಿಡುಗಡೆ ಮಾಡುವ ಹಕ್ಕು ಕನಿಷ್ಠ ಮೂವರ ಕೈಯಲ್ಲಿರಲಿ ಎಂಬುದು ಅವರ ಸಲಹೆ. ಮೂಲ ಲೇಖಕರು ತಿಂಗಳುಗಟ್ಟಲೆ ಸಂಪರ್ಕಕ್ಕೆ ಸಿಗದಂಥ ಅಪರೂಪದ ಸಂದರ್ಭ ಬಿಟ್ಟರೆ ಸಮುದಾಯದ ಆಡಳಿತಗಾರರು ಅದನ್ನು ಕೈಗೆ ತೆಗೆದುಕೊಳ್ಳುವುದಿಲ್ಲವೆಂಬ ಭರವಸೆಯೂ ಇದೆ. ಈ ನಿಯಮಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಸಮುದಾಯ ಸ್ವೀಕರಿಸುತ್ತಿರುವುದು ಕೋಡನ್ನಲ್ಲ, ಆ ಕೋಡಿನ ಪಾಲನೆಯ ಹೊಣೆಯನ್ನು ಎಂಬುದು ಸ್ಪಷ್ಟವಾಗುತ್ತದೆ. ಟೆಸ್ಟ್‌ಗಳನ್ನು ಕೇಳುವುದೂ ಅದಕ್ಕೇ. ಪ್ಲಗಿನ್ ಬರೆಯುವವರಿಗೆಂದೇ ಪೈಟೆಸ್ಟರ್ ಎಂಬ ಸಲಕರಣೆ ಪೈಟೆಸ್ಟ್‌ನೊಳಗೇ ಇದೆ: ತಾತ್ಕಾಲಿಕ ಫೋಲ್ಡರಿನಲ್ಲಿ ಒಂದು ಪುಟ್ಟ ಟೆಸ್ಟ್ ಫೈಲ್ ಬರೆದು, ಅದರ ಮೇಲೆ ಪೈಟೆಸ್ಟನ್ನೇ ಓಡಿಸಿ, ಎಷ್ಟು ಪಾಸ್, ಎಷ್ಟು ಫೇಲ್ ಎಂದು ಅದು ತಾಳೆ ನೋಡುತ್ತದೆ. ಬರೆದವರ ಮನಸ್ಸಿನಲ್ಲಷ್ಟೇ ಇದ್ದ ಉದ್ದೇಶ ಹೀಗೆ ಬರಹಕ್ಕೆ ಇಳಿದಾಗ ಮಾತ್ರ ಎರಡನೆಯವರು ಧೈರ್ಯವಾಗಿ ಕೈಹಾಕಬಹುದು.

ಇದು ಕಾಗದದ ಮೇಲಿನ ಆದರ್ಶ, ಮುಕ್ತ ತಂತ್ರಾಂಶದ ಪ್ಲಗಿನ್‌ಗಳು ಎರಡು ವರ್ಷಕ್ಕೆ ಹಳಸುತ್ತವೆ, ದುಡ್ಡು ಕೊಟ್ಟು ಕೊಂಡ ಸಲಕರಣೆಗೆ ಕೇಳಲು ಒಬ್ಬರಾದರೂ ಇರುತ್ತಾರೆ ಎಂಬ ಆಕ್ಷೇಪ ಹಳೆಯದು, ಹಗುರವಾದದ್ದೂ ಅಲ್ಲ. ನೋಸ್ ಎಂಬ ಇನ್ನೊಂದು ಟೆಸ್ಟಿಂಗ್ ಸಲಕರಣೆಯನ್ನೇ ನೋಡಿ. ಒಂದು ಕಾಲಕ್ಕೆ ಪೈಥಾನ್ ಜಗತ್ತಿನಲ್ಲಿ ಅದು ಪೈಟೆಸ್ಟ್‌ಗೆ ಸರಿಸಮನಾಗಿತ್ತು, ತನ್ನದೇ ಪ್ಲಗಿನ್‌ಗಳನ್ನೂ ಹೊಂದಿತ್ತು. 2015ರ 1.3.7 ಅದರ ಕೊನೆಯ ಆವೃತ್ತಿ. ಹೊಸಬರು ವಹಿಸಿಕೊಳ್ಳದಿದ್ದರೆ ಯೋಜನೆ ನಿಲ್ಲುತ್ತದೆಂದು ಅದರವರೇ ಬರೆದಿಟ್ಟರು, ಯಾರೂ ಬರಲಿಲ್ಲ. ನೋಸ್ ಶೈಲಿಯ ಟೆಸ್ಟ್‌ಗಳನ್ನೂ ಓಡಿಸುತ್ತಿದ್ದ ಪೈಟೆಸ್ಟ್ 2024ರ ಎಂಟನೇ ಆವೃತ್ತಿಯಲ್ಲಿ ಆ ಬೆಂಬಲವನ್ನು ಕೈಬಿಟ್ಟಿತು. ಆದರೆ ಈ ಸಾಕ್ಷ್ಯ ಆಕ್ಷೇಪದ ಪರವಾಗಿ ಎಷ್ಟು ನಿಲ್ಲುತ್ತದೋ ನನ್ನ ವಾದದ ಪರವಾಗಿಯೂ ಅಷ್ಟೇ ನಿಲ್ಲುತ್ತದೆ. ನೋಸ್‌ನಲ್ಲಿ ಕೊರತೆ ಬಿದ್ದದ್ದು ಕೋಡಿಗಲ್ಲ, ಜನಕ್ಕೆ. ಇನ್ನು ಕೊಂಡ ಸಲಕರಣೆಯೇನೂ ಚಿರಂಜೀವಿಯಲ್ಲ. ವಿನ್‌ರನ್ನರನ್ನೂ ಅದರ ಮಾಲೀಕರು ನಿಲ್ಲಿಸಿದರು, ಅದರಲ್ಲಿ ಬರೆದಿದ್ದ ಸ್ಕ್ರಿಪ್ಟ್‌ಗಳನ್ನು ಗ್ರಾಹಕರು ಬೇರೆಡೆ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಅಲ್ಲಿ ಬೇಕೆಂದವರಿಗೂ ವಹಿಸಿಕೊಳ್ಳುವ ಅವಕಾಶವಿರಲಿಲ್ಲ, ಇಲ್ಲಿ ಇತ್ತು.

ಇನ್ನೊಂದು ಆಕ್ಷೇಪ ಕಸುಬಿನ ನೀತಿಗೆ ಸೇರಿದ್ದು, ಇದು ನನ್ನನ್ನು ಹೆಚ್ಚು ಕಾಡುತ್ತದೆ. ಯಾರು ಬೇಕಾದರೂ ಪ್ಲಗಿನ್ ಬರೆಯಬಹುದಾದರೆ ತಪ್ಪನ್ನು ಮರೆಮಾಚುವ ಪ್ಲಗಿನ್ನೂ ಬರುತ್ತದಲ್ಲವೇ? ರೀರನ್‌ಫೇಲ್ಯೂರ್ಸ್ ಎಂಬ ಪ್ಲಗಿನ್ ಫೇಲ್ ಆದ ಟೆಸ್ಟನ್ನು ಮತ್ತೆ ಓಡಿಸುತ್ತದೆ, ಎರಡನೇ ಸಲ ಪಾಸ್ ಆದರೆ ಪಾಸ್ ಎಂದೇ ಲೆಕ್ಕ. ನೆಟ್‌ವರ್ಕ್ ತೊಂದರೆಯಿಂದ ಒಮ್ಮೊಮ್ಮೆ ಬೀಳುವ ಟೆಸ್ಟ್‌ಗಳಿಗೆ ಇದು ಬೇಕು. ಆದರೆ ಸಮಯದ ಒತ್ತಡದಲ್ಲಿರುವ ತಂಡ ನಿಜವಾದ ಬಗ್‌ಗಳನ್ನು ಇದರ ಕೆಳಗೆ ಮುಚ್ಚಬಹುದು, ಅದನ್ನು ಅಲ್ಲಗಳೆಯಲಾರೆ. ನಾನು ಹೇಳುವುದಿಷ್ಟೇ: ಮರು ಓಟದ ಲೆಕ್ಕ ಆ ಪ್ಲಗಿನ್ನಿನ ವರದಿಯಲ್ಲಿ ಬೇರೆಯಾಗಿಯೇ ಕಾಣಿಸುತ್ತದೆ, ಮುಚ್ಚುವವರು ಎಲ್ಲರ ಕಣ್ಣೆದುರು ಮುಚ್ಚಬೇಕಾಗುತ್ತದೆ. ಎಕ್ಸೆಲ್ ಹಾಳೆಯ ಕಾಲದಲ್ಲಿ ಫೇಲ್ ಅನ್ನು ಪಾಸ್ ಎಂದು ತಿದ್ದಿದರೆ ಅದರ ಗುರುತೇ ಉಳಿಯುತ್ತಿರಲಿಲ್ಲ.

ಪಾಲನೆಯ ಹೊಣೆ ಹೊರುವವರು ಯಾರು ಎಂಬಲ್ಲಿಗೆ ಕರ್ನಾಟಕದ ಪ್ರಶ್ನೆ ಬರುತ್ತದೆ. ಪೈಥಾನ್ ಬಳಸುವವರ ಸಮ್ಮೇಳನವಾದ ಪೈಕಾನ್ ಇಂಡಿಯಾ ಮೊದಲ ಸಲ 2009ರಲ್ಲಿ ಬೆಂಗಳೂರಿನಲ್ಲೇ ನಡೆಯಿತು, ಇಂಥ ಪ್ಲಗಿನ್‌ಗಳನ್ನು ದಿನವೂ ಓಡಿಸುವ ತಂಡಗಳು ನಗರದ ತುಂಬ ಇವೆ. ಆದರೆ ಇಲ್ಲಿನ ಸಾಧಾರಣ ನೌಕರಿ ಕರಾರು, ನೌಕರ ಬರೆದ ಕೋಡ್ ಕಂಪನಿಯದು ಎನ್ನುತ್ತದೆ. ಹಾಗಾಗಿ ಟೆಸ್ಟರ್ ಮಾಡಿಕೊಂಡ ತಿದ್ದುಪಡಿ ಹೊರಗೆ ಬರದೆ ಆ ಪ್ರಾಜೆಕ್ಟ್ ಜೊತೆಗೇ ಮುಗಿದುಹೋಗುತ್ತದೆ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆಂದು ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗಿನ ನಿಧಿ ಘೋಷಿಸಿದ್ದು ಒಳ್ಳೆಯ ಕೆಲಸವೇ. ಆದರೂ ದುಡ್ಡಿನಿಂದಷ್ಟೇ, ಪ್ಲಗಿನ್ನಿನ ಬಿಡುಗಡೆಯ ಹಕ್ಕು ಹೊಂದಿರಬೇಕಾದ ಆ ಮೂವರಲ್ಲಿ ಎರಡನೆಯವರು, ಮೂರನೆಯವರು ಹುಟ್ಟುವುದಿಲ್ಲ. ತಾವು ಅವಲಂಬಿಸಿರುವ ಒಂದು ಪ್ಲಗಿನ್ನಿನ ಪಾಲನೆಗೆ ತಮ್ಮ ಟೆಸ್ಟರೊಬ್ಬರ ವಾರದ ಕೆಲವು ಗಂಟೆಗಳನ್ನು ಬಿಟ್ಟುಕೊಡುವುದು, ಅದನ್ನು ಆ ಟೆಸ್ಟರ್ ತನ್ನ ಹೆಸರಿನಲ್ಲೇ ಮಾಡಲಿ ಎಂದು ಕರಾರಿನಲ್ಲಿ ಒಂದು ಸಾಲು ಸೇರಿಸುವುದು ಇಲ್ಲಿನ ಯಾವ ಮಧ್ಯಮ ಗಾತ್ರದ ಕಂಪನಿಗೂ ಕಷ್ಟದ ಮಾತಲ್ಲ.