ಎಲೆಯೂ ಲೆಕ್ಕವೂ

ಇಸ್ಪೀಟಿನ ಕಟ್ಟು ಮನೆಯೊಳಕ್ಕೆ ಬಂದರೆ ಲಕ್ಷ್ಮಿಯು ಹೊರಕ್ಕೆ ನಡೆಯುವಳೆಂದು ನಮ್ಮ ಹಿರಿಯರು ನಂಬಿದ್ದರು. ಧರ್ಮರಾಯನ ಪಾಡನ್ನು ಬಲ್ಲವರಿಗೆ ಆ ನಂಬಿಕೆ ಸಹಜವೇ ಸರಿ. ಆದರೆ ಅದೇ ಮಹಾಭಾರತದ ವನಪರ್ವದಲ್ಲಿ ನಳನ ಕಥೆಯೂ ಉಂಟು. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾಗಿದ್ದನಷ್ಟೆ. ಆ ಅರಸನು ದಾರಿಯ ಬದಿಯ ತಾರೆಯ ಮರವೊಂದನ್ನು ನೋಡಿದ ಮಾತ್ರದಿಂದಲೇ ಅದರ ಎಲೆಕಾಯಿಗಳ ಲೆಕ್ಕವನ್ನು ಹೇಳಿದನು. ಬಾಹುಕನು ಎಣಿಸಿ ನೋಡಲು ಲೆಕ್ಕ ಸರಿಯಾಗಿತ್ತು. ಅಕ್ಷಹೃದಯವೆಂಬ ದಾಳದ ವಿದ್ಯೆಯನ್ನು ನಳನು ಕಲಿತದ್ದು ಈ ಎಣಿಕೆ ಬಲ್ಲ ಗುರುವಿನಿಂದಲೇ.

ಯೂರೋಪಿನಲ್ಲಿಯೂ ಜೂಜೇ ಒಂದು ಗಣಿತವನ್ನು ಹುಟ್ಟಿಸಿತು. ಷೆವಾಲಿಯೆ ದ ಮೆರೆ ಎಂಬ ಫ್ರೆಂಚ್ ಗೃಹಸ್ಥನು ಪಣದಾಟದ ಕೆಲವು ತೊಡಕುಗಳನ್ನು ಪಾಸ್ಕಲನ ಮುಂದಿಟ್ಟನು. ಅವನ್ನು ಕುರಿತು ಪಾಸ್ಕಲನೂ ಫರ್ಮಾ ಎಂಬ ಗಣಿತಜ್ಞನೂ 1654ರಲ್ಲಿ ಬರೆದುಕೊಂಡ ಪತ್ರಗಳು ಸಂಭವನೀಯತೆಯ ಶಾಸ್ತ್ರಕ್ಕೆ ತಳಹದಿಯಾದವು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಮಿಸಿಸಿಪಿ ನದಿಯ ಹಡಗುಗಳ ಮೂಲಕ ಹಬ್ಬಿದ ಪೋಕರ್ ಎಂಬ ಇಸ್ಪೀಟಾಟವನ್ನು ಇಂದು ಬಲ್ಲವರು ಆಡುವುದು ಈ ಶಾಸ್ತ್ರವನ್ನು ನೆಚ್ಚಿಯೇ.

ಅದರ ಲೆಕ್ಕವನ್ನು ನಮಗೆ ತೋರಿಸಿದವನು ಕಾಲೇಜಿನಲ್ಲಿ ಓದುವ ನಮ್ಮ ಸೋದರಳಿಯ. ರಜೆಗೆಂದು ಬಂದವನು ಹಜಾರದಲ್ಲಿ ಚಾಪೆ ಹಾಸಿ, ಹಣಕ್ಕೆ ಬದಲಾಗಿ ಹುಣಸೆಬೀಜಗಳನ್ನು ಹಂಚಿ, ನಮ್ಮನ್ನೂ ತನ್ನ ತಾಯಿಯನ್ನೂ ಆಟಕ್ಕೆ ಕೂರಿಸಿದನು. ಆಟದ ಕ್ರಮವಿದು: ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಎಲೆ, ನಡುವೆ ಎಲ್ಲರಿಗೂ ಸಲ್ಲುವ ಐದು ಎಲೆಗಳನ್ನು ಹಂತಹಂತವಾಗಿ ತೆರೆಯುವುದು, ಈ ಏಳರಲ್ಲಿ ಐದನ್ನು ಆರಿಸಿ ಎಲ್ಲರಿಗಿಂತ ಮೇಲಾದ ಕೂಟವನ್ನು ಕಟ್ಟಿದವರಿಗೆ ಪಣದ ರಾಶಿ. ಒಂದೇ ಜಾತಿಯ ಐದು ಎಲೆಗಳು ಕೂಡಿದರೆ ಅದು ಬಲವಾದ ಕೂಟ.

ನಮ್ಮ ಕೈಯಲ್ಲಿ ಎರಡು ಆಟೀನು ಇದ್ದವು. ನಡುವೆ ತೆರೆದ ನಾಲ್ಕರಲ್ಲಿ ಮತ್ತೆರಡು. ಇನ್ನು ಬೀಳತಕ್ಕದ್ದು ಒಂದೇ ಎಲೆ. ಅದು ಆಟೀನಾದರೆ ರಾಶಿ ನಮ್ಮದು, ಅಲ್ಲವಾದರೆ ನಮ್ಮದಲ್ಲವೆಂದು ಇಟ್ಟುಕೊಳ್ಳೋಣ. ರಾಶಿಯಲ್ಲಿ 100 ಬೀಜಗಳಿದ್ದವು. ಆಟದಲ್ಲಿ ಉಳಿಯಲು ನಾವು 20 ಇಡಬೇಕಾಗಿತ್ತು.

“ಮನಸ್ಸು ಏನು ಹೇಳುತ್ತದೋ ಹಾಗೆ ಮಾಡಿ, ಅಣ್ಣ” ಎಂದಳು ನಮ್ಮ ತಂಗಿ.

“ಮನಸ್ಸನ್ನು ಕೇಳಬೇಡಿ ಮಾವ, ಎಣಿಸಿ” ಎಂದನು ಹುಡುಗ.

ಎಣಿಸಿದೆವು. 52 ಎಲೆಗಳಲ್ಲಿ ಕಂಡವು 6, ಕಾಣದವು 46. 13 ಆಟೀನುಗಳಲ್ಲಿ ಕಂಡವು 4, ಉಳಿದವು 9. ಇಂಥ ಸಂದರ್ಭ 46 ಸಲ ಒದಗಿತೆನ್ನಿ. ಸರಾಸರಿಯಲ್ಲಿ 9 ಸಲ ನೂರರಂತೆ 900 ಬೀಜ ಬರುತ್ತದೆ. 37 ಸಲ ಇಪ್ಪತ್ತರಂತೆ 740 ಹೋಗುತ್ತದೆ. ಉಳಿಯುವುದು 160. ಆದ್ದರಿಂದ ಪಣವಿಡುವುದೇ ಸರಿ. ರಾಶಿಯಲ್ಲಿ 60 ಬೀಜ ಮಾತ್ರ ಇದ್ದಿದ್ದರೆ ಬರುವುದು 540, ಹೋಗುವುದು ಅದೇ 740. ಆಗ ಎಲೆಗಳನ್ನು ಕೆಳಗಿಟ್ಟು ಸುಮ್ಮನಾಗುವುದೇ ಸರಿ. ಎರಡು ಕಡೆಯೂ ಆಟೀನು ಬೀಳುವ ಸಂಭವ ಒಂದೇ. ವ್ಯತ್ಯಾಸವಿರುವುದು ಅದಕ್ಕೆ ದೊರೆಯುವ ಬೆಲೆಯಲ್ಲಿ.

ನಾವು 20 ಬೀಜಗಳನ್ನಿಟ್ಟೆವು. ಬಿದ್ದದ್ದು ಕಳಾವರ್. “ನಿಮ್ಮ ಲೆಕ್ಕ ಕೈಕೊಟ್ಟಿತು” ಎಂದು ತಂಗಿ ನಕ್ಕಳು. ಲೆಕ್ಕ ಕೈಕೊಟ್ಟಿರಲಿಲ್ಲ. ಐದು ಸಲದಲ್ಲಿ ನಾಲ್ಕು ಸಲ ಹೀಗೆಯೇ ಆಗುವುದೆಂದು ಅದು ಮೊದಲೇ ಹೇಳಿತ್ತು. ಫಲವನ್ನು ನೋಡಿ ನಿರ್ಧಾರದ ಗುಣವನ್ನು ಅಳೆಯುವುದು ನಮ್ಮೆಲ್ಲರ ರೂಢಿ. ತಿಳಿದಿದ್ದಷ್ಟರ ಮೇಲೆ ಸರಿಯಾಗಿ ತೂಗಿದೆವೇ ಎಂದು ಕೇಳುವುದು ಅದಕ್ಕಿಂತ ನ್ಯಾಯವಾದ ಪರೀಕ್ಷೆ.

ಹುಡುಗನಿಗೆ ಹುರುಪೇರಿತು. “ಲೆಕ್ಕ ಸರಿಯಾಗಿದ್ದರೆ ಹಣವಿಟ್ಟೇ ಆಡಬಹುದಲ್ಲವೇ, ಮಾವ? ಹಾಸ್ಟೆಲಿನಲ್ಲಿ ಆಡುವವರಿದ್ದಾರೆ. ಊಟದ ದುಡ್ಡು ಕೈಯಲ್ಲಿ ಇದ್ದೇ ಇರುತ್ತದೆ” ಎಂದನು. ತಂಗಿಯ ನಗು ನಿಂತಿತು.

ನಾವು ಗದರಲಿಲ್ಲ, ಅವನ ಲೆಕ್ಕವನ್ನೇ ಮುಂದುವರಿಸಿದೆವು. ಊಟದ ಹಣವನ್ನು ಹತ್ತು ಪಾಲು ಮಾಡಿ, ಮೇಲೆ ಹೇಳಿದಂಥ ಲಾಭದ ಸಂದರ್ಭದಲ್ಲಿಯೇ ಒಂದೊಂದು ಪಾಲನ್ನು ಇಡುತ್ತಾ ಹೋಗುವನೆನ್ನೋಣ. ಒಂದು ಸಲ ಸೋಲುವ ಸಂಭವ 46ರಲ್ಲಿ 37. ಹತ್ತು ಸಲ ಸಾಲಾಗಿ ಸೋಲುವ ಸಂಭವವನ್ನು ತಿಳಿಯಲು ಆ ಭಿನ್ನವನ್ನು ಹತ್ತು ಬಾರಿ ಬರೆದು ಗುಣಿಸಬೇಕು. ಅವನೇ ಗುಣಿಸಿದನು, ನೂರಕ್ಕೆ ಸುಮಾರು 11 ಬಂದಿತು. ಎಂದರೆ, ಒಮ್ಮೆಯೂ ತಪ್ಪದೆ ಆಡಿದ ಒಂಬತ್ತು ಮಂದಿಯಲ್ಲಿ ಸುಮಾರು ಒಬ್ಬನು ಒಂದು ಸಲವೂ ಗೆಲ್ಲದೆ ಬರಿಗೈಯಲ್ಲಿ ಏಳುತ್ತಾನೆ. ಸರಾಸರಿಯ ಲಾಭ ಸೇರುವುದು ಅದು ಬರುವವರೆಗೆ ಕಾಯಬಲ್ಲವನಿಗೆ. ಊಟದ ಹಣಕ್ಕೆ ಕಾಯುವ ಶಕ್ತಿಯಿಲ್ಲ. 1657ರಲ್ಲಿ ಹೈಗೆನ್ಸನು ಜೂಜಿನ ಗಣಿತವನ್ನು ಕುರಿತು ಪ್ರಕಟಿಸಿದ ಗ್ರಂಥದ ಕೊನೆಯ ಪ್ರಶ್ನೆಯೂ, ಇಬ್ಬರು ಆಟಗಾರರಲ್ಲಿ ಮೊದಲು ಬರಿದಾಗುವವನು ಯಾರೆಂಬುದನ್ನು ಕುರಿತದ್ದೇ. ಇಷ್ಟಲ್ಲದೆ, ಆಟ ನಡೆಸುವವನು ಪ್ರತಿ ರಾಶಿಯಿಂದಲೂ ತನ್ನ ಪಾಲನ್ನು ತೆಗೆದುಕೊಳ್ಳುವ ಕಡೆ ಆ ಸಣ್ಣ ಲಾಭವೂ ಸವೆಯುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಕಾಯಿದೆ ಹೇಳುವುದಕ್ಕೆ ಮೊದಲೇ ಈ ಗುಣಾಕಾರ ಎಚ್ಚರಿಕೆ ಹೇಳುತ್ತದೆ.

ಗೃಹಸ್ಥರು ಮನೆಗೂ ಅಂಗಡಿಗೂ ವಿಮೆ ಕಟ್ಟುವುದು ಇದೇ ಲೆಕ್ಕದ ಮತ್ತೊಂದು ಮುಖ. ಕಟ್ಟುವವರೆಲ್ಲರ ಕಂತನ್ನೂ ಕೂಡಿಸಿದರೆ ಕಂಪನಿ ಕೊಡುವುದಕ್ಕಿಂತ ಅದು ಸಾಮಾನ್ಯವಾಗಿ ಹೆಚ್ಚೇ; ಸರಾಸರಿಯಲ್ಲಿ ಕಟ್ಟುವವನಿಗೆ ನಷ್ಟ. ಆದರೂ ಅದು ವಿವೇಕ. ಮನೆಯೊಂದು ಸುಟ್ಟುಹೋದರೆ ಸರಾಸರಿಗಾಗಿ ಕಾಯುವ ಸೌಕರ್ಯ ಯಾವ ಸಂಸಾರಕ್ಕೂ ಇಲ್ಲ. ಇಷ್ಟನ್ನು ಕಲಿಸುವುದಾದರೆ, ಹುಣಸೆಬೀಜಗಳನ್ನಿಟ್ಟು ಮಕ್ಕಳೊಡನೆ ಒಂದು ಸಂಜೆ ಪೋಕರ್ ಆಡಲು ನಾವು ಯಾವ ಮನೆಯವರಿಗೂ ಬೇಡವೆನ್ನುವುದಿಲ್ಲ.